ಹಾಜರಿ ಇದೆ, ಕೆಲಸ ಆಗುತ್ತಿದೆಯೇ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿದಾಗ, "ನೀನು ಸಾಫ್ಟ್‌ವೇರ್‌ನವನು, ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡಿಬಿಡು, ಮಕ್ಕಳಿಗೆ ಚೆನ್ನಾಗಿರುತ್ತದೆ" ಎಂದರು. ಅದರ ಬಗ್ಗೆ ಮಾತಾಡುವವರು ಈಗ ಎಲ್ಲ ಕಡೆಯೂ ಇದ್ದಾರೆ. ನಾನು ರಕ್ತದ ಬಗ್ಗೆ ಮಾತಾಡುತ್ತೇನೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಬಿ.ಇ. ಮುಗಿಸಿ ಕೆಲವು ವರ್ಷ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದವನು, ಈಗ ರಕ್ತದ ಕಣಗಳನ್ನು ಪರೀಕ್ಷಿಸುವ ಯಂತ್ರಗಳಿಗೆ ಬರೆಯುತ್ತೇನೆ. ನಾನು ವೈದ್ಯನಲ್ಲ. ಔಷಧಿಯ ವಿಷಯಕ್ಕೆ ನನ್ನ ಮಾತು ಹಿಡಿದು ಹೋಗಬೇಡಿ. ಯಂತ್ರ ಏನು ನೋಡುತ್ತದೆ, ಏನು ನೋಡುವುದಿಲ್ಲ ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ನಮ್ಮಲ್ಲಿ ಅರ್ಧಕ್ಕರ್ಧ ಜನ ಕಾಫಿ ತೋಟದ ಜೊತೆ ಬದುಕುವವರು. ಬೆಳಿಗ್ಗೆ ರೈಟರ್ ಚೆಕ್‌ರೋಲ್ ಹಿಡಿದು ಹಾಜರಿ ಕರೆಯುತ್ತಾರೆ. ನಲವತ್ತು ಹೆಸರು, ನಲವತ್ತು ಜನ. ಪುಸ್ತಕ ನೋಡಿದರೆ ಎಲ್ಲ ಸರಿ. ಆದರೆ ಎಷ್ಟು ಹಣ್ಣು ಕುಯ್ದರು ಎಂಬುದು ಗೊತ್ತಾಗುವುದು ಸಂಜೆ ತೂಕ ಹಾಕುವ ಹೊತ್ತಿಗೆ. ಹಾಜರಿ ಬೇರೆ, ತೂಕ ಬೇರೆ. ಇಷ್ಟು ಗೊತ್ತಿದ್ದರೆ ನಾನು ಇವತ್ತು ಹೇಳುವುದರಲ್ಲಿ ಅರ್ಧ ನಿಮಗೆ ಆಗಲೇ ಗೊತ್ತಿದೆ.

ಜ್ವರ ಬಂದು ಆಸ್ಪತ್ರೆಗೆ ಹೋದರೆ ಮೊದಲು ಬರೆದುಕೊಡುವುದು ಸಿ.ಬಿ.ಸಿ. ಅದು ರಕ್ತದ ಚೆಕ್‌ರೋಲ್. ಬಿಳಿ ಕಣ ಎಷ್ಟು, ಕೆಂಪು ಕಣ ಎಷ್ಟು, ಪ್ಲೇಟ್‌ಲೆಟ್ ಎಷ್ಟು. ಈ ಎಣಿಕೆಯ ಹಿಂದಿನ ಉಪಾಯ ವಾಲೇಸ್ ಕೌಲ್ಟರ್ ಎಂಬ ಅಮೆರಿಕದ ಎಂಜಿನಿಯರ್‌ನದು, 1953ರಲ್ಲಿ ಪೇಟೆಂಟ್ ಸಿಕ್ಕಿತು. ಒಂದು ಸಣ್ಣ ತೂತಿನ ಮೂಲಕ ಕಣಗಳು ಒಂದೊಂದಾಗಿ ಹಾದುಹೋಗುವಾಗ ಅಲ್ಲಿ ಹರಿಯುವ ವಿದ್ಯುತ್ತಿಗೆ ಕ್ಷಣಮಾತ್ರ ಅಡ್ಡಿಯಾಗುತ್ತದೆ. ಆ ಅಡ್ಡಿಗಳನ್ನು ಎಣಿಸಿದರೆ ಕಣಗಳನ್ನು ಎಣಿಸಿದಂತೆ. ಬಹಳ ಒಳ್ಳೆಯ ಪರೀಕ್ಷೆ, ಅಗ್ಗದ ಪರೀಕ್ಷೆ. ಎಷ್ಟೋ ಸಲ ಎಣಿಕೆಯೇ ಸಾಕು. ಎಚ್.ಐ.ವಿ. ಸೋಂಕಿನಲ್ಲಿ ಸಿ.ಡಿ.4 ಎಂಬ ಕಣಗಳ ಸಂಖ್ಯೆ 200ಕ್ಕಿಂತ ಕೆಳಗಿಳಿದರೆ ಅಪಾಯ ಹತ್ತಿರವಿದೆ ಎಂದು ವೈದ್ಯರು ಹೇಳುತ್ತಾರೆ. ಅಲ್ಲಿ ಹಾಜರಿಯೇ ಕಥೆ ಹೇಳುತ್ತದೆ. ಆದರೆ ಎಲ್ಲ ಕಾಯಿಲೆಗಳಲ್ಲೂ ಹಾಗಲ್ಲ.

ಕಣಗಳು ಕೆಲಸ ಮಾಡುತ್ತಿವೆಯೇ ಎಂದು ನೋಡುವ ಪರೀಕ್ಷೆ ನಿಮ್ಮಲ್ಲಿ ಕೆಲವರ ಕೈ ಮೇಲೇ ಆಗಿದೆ. ಕ್ಷಯದ ಅನುಮಾನವಿದ್ದಾಗ ಮುಂಗೈ ಚರ್ಮದೊಳಗೆ ಒಂದು ಸಣ್ಣ ಸೂಜಿಮದ್ದು ಕೊಟ್ಟು, ಎರಡು ಮೂರು ದಿನ ಬಿಟ್ಟು ಬರಹೇಳಿ, ಸ್ಕೇಲ್ ಇಟ್ಟು ಅಳೆಯುತ್ತಾರಲ್ಲ, ಅದೇ ಮಾಂಟೂ ಪರೀಕ್ಷೆ. ಅಳೆಯುವುದು ಕೆಂಪನ್ನಲ್ಲ, ಗಟ್ಟಿಯಾದ ದದ್ದನ್ನು. ಸೂಜಿಯಲ್ಲಿ ಇರುವುದು ಕ್ಷಯದ ರೋಗಾಣುವಿನ ಪ್ರೋಟೀನ್, ಜೀವಂತ ರೋಗಾಣುವಲ್ಲ. ಹಿಂದೆಂದೋ ಆ ರೋಗಾಣುವನ್ನು ಕಂಡ ಟಿ-ಕಣಗಳು ಗುರುತು ಹಿಡಿದು ಅಲ್ಲಿಗೆ ಬಂದು ಸೇರಿದರೆ ಚರ್ಮ ಗಟ್ಟಿಯಾಗುತ್ತದೆ. ಅಂದರೆ ಕಣಗಳಿಗೆ ನೆನಪಿದೆಯೇ, ಕರೆದರೆ ಬರುತ್ತವೆಯೇ ಎಂದು ನಿಮ್ಮ ತೋಳಿನ ಮೇಲೇ ನೋಡಿದ ಹಾಗೆ.

ಈ ಪರೀಕ್ಷೆಯಲ್ಲಿ ನಮ್ಮ ರಾಜ್ಯದ ಹಳ್ಳಿಗಳ ಪಾಲು ದೊಡ್ಡದು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅವರ ತಂಡಗಳು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಿಗೆ ಮತ್ತೆ ಮತ್ತೆ ಹೋಗಿ, ಮನೆಮನೆಯ ಜನರ ತೋಳಿಗೆ ಸೂಜಿ ಕೊಟ್ಟು, ಅಳೆದು, ಬರೆದುಕೊಂಡವು. ಭಾರತದ ಹಳ್ಳಿಗಳಲ್ಲಿ ಕ್ಷಯ ಹೇಗೆ ಹಬ್ಬುತ್ತದೆ ಎಂದು ಜಗತ್ತು ಇವತ್ತು ಹೇಳುವ ಮಾತಿನ ಹಿಂದೆ ಆ ತೋಳುಗಳಿವೆ. ರಾಗಿ ಬೆಳೆಯುವ ಜನ ಕೆಲಸ ಬಿಟ್ಟು ಬಂದು ತೋಳು ಚಾಚಿ ನಿಂತದ್ದನ್ನು ನಮ್ಮ ಯಾವ ಪಠ್ಯಪುಸ್ತಕವೂ ನಮಗೆ ಹೇಳಲಿಲ್ಲ.

ಇನ್ನೊಂದು ಸಂಗತಿ. ಆಸ್ಟ್ರಿಯಾದ ಮಕ್ಕಳ ವೈದ್ಯ ಪಿರ್ಕೆ 1908ರಲ್ಲೇ ಗಮನಿಸಿದ್ದ: ಈ ಪರೀಕ್ಷೆಗೆ ಚೆನ್ನಾಗಿ ದದ್ದು ಏಳುತ್ತಿದ್ದ ಮಗುವಿಗೆ ದಡಾರ ಬಂದರೆ, ಕೆಲವು ದಿನ ದದ್ದು ಏಳುವುದೇ ಇಲ್ಲ. ಕಾಯಿಲೆ ಆ ಕಣಗಳ ಕೆಲಸವನ್ನು ತಾತ್ಕಾಲಿಕವಾಗಿ ಕೆಡಿಸಿಬಿಟ್ಟಿರುತ್ತದೆ. ತುಂಬ ಬಡಕಲಾದ ಮಕ್ಕಳಲ್ಲೂ ಹೀಗೆ ಆಗಬಹುದು. ಹಾಗಾಗಿ ದದ್ದು ಏಳದಿದ್ದರೆ ಕ್ಷಯ ಇಲ್ಲ ಎಂದೇ ಅರ್ಥವಲ್ಲ. ಈಗ ಇದೇ ಕೆಲಸವನ್ನು ತೋಳು ಬಿಟ್ಟು ಟ್ಯೂಬಿನಲ್ಲಿ ಮಾಡುವ ರಕ್ತಪರೀಕ್ಷೆಯೂ ಇದೆ. ರಕ್ತವನ್ನು ಕ್ಷಯದ ಪ್ರೋಟೀನಿನ ಜೊತೆ ಒಂದು ರಾತ್ರಿ ಬೆಚ್ಚಗಿಟ್ಟು, ಕಣಗಳು ಇಂಟರ್‌ಫೆರಾನ್ ಗಾಮಾ ಎಂಬ ಎಚ್ಚರಿಕೆಯ ರಾಸಾಯನಿಕ ಬಿಟ್ಟವೇ ಎಂದು ಬೆಳಿಗ್ಗೆ ಅಳೆಯುತ್ತಾರೆ. ಬಿ.ಸಿ.ಜಿ. ಚುಚ್ಚುಮದ್ದು ಹಾಕಿಸಿಕೊಂಡವರಲ್ಲಿ ಮಾಂಟೂ ಗೊಂದಲ ಮಾಡಬಹುದು, ಇದು ಮಾಡುವುದಿಲ್ಲ.

ಇಷ್ಟೂ ನಾನು ಪುಸ್ತಕ ಓದಿ ತಿಳಿದದ್ದು. ಮುಂದಿನದು ನಮ್ಮ ಮನೆಯದು. ಅಕ್ಕ, ಭಾವ, ಅವ್ವ ಮೂವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. "ಹೇಳು, ಇನ್ನೊಬ್ಬರ ಮನೆಗೆ ಉಪಯೋಗ ಆದೀತು" ಎಂದದ್ದು ಅಕ್ಕ.

ಅಕ್ಕನ ಮಗ ಹುಟ್ಟಿದಾಗ ಮೂರು ಕಿಲೋ, ಗುಂಡುಗುಂಡಾಗಿದ್ದ. ಬಿ.ಸಿ.ಜಿ. ಹಾಕಿಸಿದ ಮೇಲೆ ಕಂಕುಳಲ್ಲಿ ಗಂಟಾಯಿತು, ಒಡೆದು ಕೀವು ಬಂತು, ತಿಂಗಳುಗಟ್ಟಲೆ ಒಣಗಲಿಲ್ಲ. ಆಮೇಲೆ ಕುತ್ತಿಗೆಯಲ್ಲಿ ಬಾವು. ಆಮೇಲೆ ನ್ಯುಮೋನಿಯ, ಎಂಟು ತಿಂಗಳಲ್ಲಿ ಎರಡು ಸಲ. ಒಂದೂವರೆ ವರ್ಷಕ್ಕೆ ಪಿತ್ತಜನಕಾಂಗದಲ್ಲಿ ಕೀವು. ಪ್ರತಿ ಸಲ ಸಿ.ಬಿ.ಸಿ., ಪ್ರತಿ ಸಲ ಬಿಳಿ ಕಣಗಳು ಹದಿನೆಂಟು ಸಾವಿರ, ಇಪ್ಪತ್ತೆರಡು ಸಾವಿರ. ಆರೋಗ್ಯವಂತ ದೊಡ್ಡವರಲ್ಲಿ ಅದು ನಾಲ್ಕರಿಂದ ಹನ್ನೊಂದು ಸಾವಿರ ಇರುತ್ತದೆ, ಮಕ್ಕಳಲ್ಲಿ ಸ್ವಲ್ಪ ಹೆಚ್ಚು. ಒಂದು ಆಸ್ಪತ್ರೆಯಲ್ಲಿ, "ಸೈನಿಕರು ಬೇಕಾದಷ್ಟಿದ್ದಾರೆ, ರೋಗನಿರೋಧಕ ಶಕ್ತಿ ಚೆನ್ನಾಗಿದೆ, ಹೆದರಬೇಡಿ" ಎಂದರು. ಇನ್ನೊಂದು ಕಡೆ ಕ್ಷಯ ಎಂದು ಆರು ತಿಂಗಳು ಮಾತ್ರೆ. ಊರಿನಲ್ಲಿ ದೃಷ್ಟಿ ತೆಗೆದದ್ದು, ಹರಕೆ ಹೊತ್ತದ್ದು ಬೇರೆ.

ಕೊನೆಗೆ ಮೈಸೂರಿನ ಮಕ್ಕಳ ವೈದ್ಯೆಯೊಬ್ಬರು ಹಳೆಯ ಚೀಟಿಗಳನ್ನೆಲ್ಲ ಮೇಜಿನ ಮೇಲೆ ತಾರೀಖಿನ ಪ್ರಕಾರ ಜೋಡಿಸಿದರು. ಮಾತಾಡಲಿಲ್ಲ. ಆಮೇಲೆ ಅಕ್ಕನನ್ನು ಕೇಳಿದರು, "ನಿಮ್ಮ ತವರಿನಲ್ಲಿ ಗಂಡುಮಕ್ಕಳು ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡದ್ದು ಇದೆಯಾ?"

ಇತ್ತು. ನಾನು ಹುಟ್ಟುವ ಮೊದಲು ನನಗೊಬ್ಬ ಅಣ್ಣ ಇದ್ದ. ಎರಡು ವರ್ಷ ತುಂಬುವ ಮೊದಲೇ, ಮೈಯಲ್ಲಿ ಬಾವುಗಳಾಗಿ ಹೋದ. ಅವ್ವನ ಹಾಲು ನಂಜಾಗಿತ್ತು ಎಂದು ಆಗ ಹೇಳಿದರಂತೆ. ಯಾರು ಹೇಳಿದರೆಂದು ಅವ್ವ ಯಾವತ್ತೂ ಬಾಯಿ ಬಿಟ್ಟಿಲ್ಲ. ಆದರೆ ನನಗೆ ಹಾಲು ಕೊಡಲು ಆಕೆ ಹೆದರಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ಆ ವೈದ್ಯೆ ಬರೆದುಕೊಟ್ಟದ್ದು ಡಿ.ಎಚ್.ಆರ್. ಎಂಬ ಪರೀಕ್ಷೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಕೆಲಸ ಬದಲಾದದ್ದು ಅದರಿಂದಲೇ.

ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಎಂಬುವು ಹೆಚ್ಚು. ನಮ್ಮ ಮೂಳೆಯ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ತಯಾರಿಸುತ್ತದೆ. ಹೌದು, ಕೋಟಿ. ಅಷ್ಟು ಬೇಗ ಸಾಯುತ್ತವೆ ಕೂಡ. ಗಾಯವಾದಲ್ಲಿಗೆ ಮೊದಲು ಓಡುವುದು ಇವೇ. ಓಡಬೇಕು, ರೋಗಾಣುವನ್ನು ನುಂಗಬೇಕು, ನುಂಗಿದ್ದನ್ನು ಕೊಲ್ಲಬೇಕು. ನುಂಗುವುದನ್ನು ಮೆಚ್ನಿಕಾಫ್ ಎಂಬ ವಿಜ್ಞಾನಿ 1882ರಲ್ಲಿ ಇಟಲಿಯ ಮೆಸೀನಾದಲ್ಲಿ ಕಂಡಿದ್ದ. ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿ ಮರುದಿನ ನೋಡಿದರೆ, ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. ಅವನಿಗೆ 1908ರಲ್ಲಿ ನೊಬೆಲ್ ಬಂತು. ಇನ್ನು ಕೊಲ್ಲುವುದು ಹೇಗೆ? ಮಳೆಗಾಲದಲ್ಲಿ ಪಂಚಾಯಿತಿಯವರು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರಲ್ಲ, ಹೆಚ್ಚುಕಡಿಮೆ ಅದೇ ಜಾತಿಯ ವಸ್ತುವನ್ನು ಈ ಕಣ ತನ್ನ ಹೊಟ್ಟೆಯೊಳಗೆ ತಾನೇ ತಯಾರಿಸಿಕೊಳ್ಳುತ್ತದೆ. ಉಸಿರಾಡಿದ ಆಮ್ಲಜನಕವನ್ನು ಹಿಡಿದು, ಹೈಡ್ರೋಜನ್ ಪೆರಾಕ್ಸೈಡ್ ಮಾಡಿ, ಅದರಿಂದ ಮುಂದೆ ಕ್ಲೋರಿನ್ನಿನ ಆಮ್ಲ. ಕೀವಿಗೆ ಸ್ವಲ್ಪ ಹಸಿರು ಛಾಯೆ ಇರುವುದು ಈ ಕೆಲಸಕ್ಕೆ ಬೇಕಾದ ಒಂದು ಕಿಣ್ವದ ಬಣ್ಣದಿಂದ. ಊಟಕ್ಕೆ ಮೊದಲು ಕೀವಿನ ಮಾತು, ಕ್ಷಮಿಸಿ.

1957ರಲ್ಲಿ ಅಮೆರಿಕದ ಮಿನ್ನೆಸೋಟದ ವೈದ್ಯರು ಒಂದು ವಿಚಿತ್ರ ಕಾಯಿಲೆಯ ವರದಿ ಬರೆದರು. ಚಿಕ್ಕ ಗಂಡುಮಕ್ಕಳು, ಮತ್ತೆ ಮತ್ತೆ ಕೀವು, ಎಣಿಕೆ ನೋಡಿದರೆ ಕಣಗಳು ಭರ್ತಿ. ಅದೇ ವರ್ಷ ನಮ್ಮ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಇಸವಿ ನೆನಪಿಡಲು ಅನುಕೂಲ ಎಂದು ಹೇಳಿದೆ. ಹತ್ತು ವರ್ಷದ ನಂತರ, 1967ರಲ್ಲಿ, ಪಾಲ್ ಕ್ವೀ ಎಂಬ ವೈದ್ಯ ಆ ಮಕ್ಕಳ ನ್ಯೂಟ್ರೋಫಿಲ್‌ಗಳನ್ನು ರೋಗಾಣುಗಳ ಜೊತೆ ಟ್ಯೂಬಿನಲ್ಲಿ ಇಟ್ಟು ನೋಡಿದ. ಕಣಗಳು ಸರಿಯಾಗಿಯೇ ನುಂಗಿದವು. ಕೊಲ್ಲಲಿಲ್ಲ. ನುಂಗಿದ ರೋಗಾಣುಗಳು ಒಳಗೆ ಜೀವಂತವಾಗಿ ಕುಳಿತಿದ್ದವು. ಈ ಕಾಯಿಲೆಗೆ ಕ್ರಾನಿಕ್ ಗ್ರಾನುಲೋಮಟಸ್ ಡಿಸೀಸ್, ಚಿಕ್ಕದಾಗಿ ಸಿ.ಜಿ.ಡಿ. ಎನ್ನುತ್ತಾರೆ. ಸುಮಾರು ಎರಡು ಎರಡೂವರೆ ಲಕ್ಷ ಹುಟ್ಟಿಗೆ ಒಂದು ಮಗು. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ಹತ್ತು ಲಕ್ಷ ಮಕ್ಕಳು ಹುಟ್ಟುತ್ತಾರೆ. ಲೆಕ್ಕ ಹಾಕಿಕೊಳ್ಳಿ, ಗಣಿತದ ಮೇಷ್ಟ್ರು ಇಲ್ಲೇ ಇದ್ದಾರೆ.

ಇನ್ನು ಪರೀಕ್ಷೆ. ಮಗುವಿನ ಎರಡು ಮೂರು ಮಿಲಿಲೀಟರ್ ರಕ್ತ ಸಾಕು. ಅದಕ್ಕೆ ಒಂದು ಬಣ್ಣದ ವಸ್ತು ಸೇರಿಸುತ್ತಾರೆ. ಡೈಹೈಡ್ರೋರೋಡಮೀನ್ ಎಂದು ಅದರ ಹೆಸರು, ಮರೆತರೂ ನಡೆಯುತ್ತದೆ. ಅದು ಕಣದೊಳಗೆ ಹೋಗಿ ಸುಮ್ಮನೆ ಕುಳಿತಿರುತ್ತದೆ, ಹೊಳೆಯುವುದಿಲ್ಲ. ಆಮೇಲೆ ಕಣಗಳನ್ನು ಕೆಣಕುವ ಒಂದು ರಾಸಾಯನಿಕ ಹಾಕುತ್ತಾರೆ. ಶತ್ರು ಬಂದ ಎಂದು ಸುಳ್ಳು ಗಂಟೆ ಹೊಡೆದ ಹಾಗೆ. ಆರೋಗ್ಯವಂತ ನ್ಯೂಟ್ರೋಫಿಲ್ ಕೂಡಲೇ ತನ್ನ ಪೆರಾಕ್ಸೈಡ್ ತಯಾರಿಸುತ್ತದೆ, ಆ ಪೆರಾಕ್ಸೈಡ್ ತಾಗಿದ ಬಣ್ಣ ಹಸಿರಾಗಿ ಹೊಳೆಯಲು ಶುರುಮಾಡುತ್ತದೆ. ಕೆಲಸ ಮಾಡದ ಕಣ ಕತ್ತಲೆಯಾಗಿಯೇ ಇರುತ್ತದೆ.

ಹೊಳೆಯುವುದನ್ನು ನೋಡುವ ಯಂತ್ರ ಫ್ಲೋ ಸೈಟೋಮೀಟರ್. ಕುಶಾಲನಗರದ ಕಡೆ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಲರ್ ಸಾರ್ಟರ್ ನೋಡಿದವರಿಗೆ ಇದು ಸುಲಭ. ಅಲ್ಲಿ ಬೀಜಗಳು ಸಾಲಾಗಿ ಜಾರಿ ಬೀಳುತ್ತವೆ, ಬೆಳಕು ಬೀಳುತ್ತದೆ, ಕಣ್ಣು ನೋಡುತ್ತದೆ, ಕಪ್ಪು ಬೀಜ ಕಂಡರೆ ಗಾಳಿಯ ಒಂದು ಊದಿನಿಂದ ಪಕ್ಕಕ್ಕೆ. ಇಲ್ಲಿ ಬೀಜದ ಬದಲು ರಕ್ತದ ಕಣ, ಬಲ್ಬಿನ ಬದಲು ಲೇಸರ್. ಕಣಗಳು ಒಂದರ ಹಿಂದೆ ಒಂದು ಲೇಸರ್ ಮುಂದೆ ಹಾಯುತ್ತವೆ, ಪ್ರತಿ ಕಣ ಎಷ್ಟು ಹೊಳೆಯಿತು ಎಂಬ ಸಂಖ್ಯೆ ಕಂಪ್ಯೂಟರಿಗೆ ಬರುತ್ತದೆ. ಒಂದು ನಿಮಿಷದೊಳಗೆ ಹತ್ತು ಸಾವಿರ ಕಣ. ಇದರ ಬೇರು ಹುಡುಕಿದರೆ ಎಂಜಿನಿಯರುಗಳಿಗೆ ಖುಷಿಯಾಗುತ್ತದೆ. 1965ರಲ್ಲಿ ಲಾಸ್ ಅಲಾಮೋಸ್‌ನಲ್ಲಿ ಫುಲ್ವೈಲರ್ ಎಂಬಾತ ಕಣಗಳನ್ನು ಬೇರ್ಪಡಿಸುವ ಯಂತ್ರ ಮಾಡಿದ್ದು ಶಾಯಿ ಚಿಮ್ಮಿಸಿ ಬರೆಯುವ ತಂತ್ರವನ್ನು ಎರವಲು ತಂದು. ಆಮೇಲೆ ಸ್ಟ್ಯಾನ್‌ಫರ್ಡ್‌ನ ಹರ್ಜೆನ್‌ಬರ್ಗ್ ತಂಡ ಅದಕ್ಕೆ ಹೊಳೆಯುವ ಬಣ್ಣಗಳನ್ನೂ ಲೇಸರನ್ನೂ ಜೋಡಿಸಿತು.

ಕಂಪ್ಯೂಟರಿನ ಪರದೆಯ ಮೇಲೆ ಬರುವುದು ಒಂದು ಗುಡ್ಡದ ಚಿತ್ರ. ಹೊಳೆಯದ ಕಣಗಳ ಗುಡ್ಡ ಎಡಕ್ಕೆ, ಹೊಳೆದವುಗಳ ಗುಡ್ಡ ಬಲಕ್ಕೆ. ಕೆಣಕಿದ ಮೇಲೆ ಗುಡ್ಡ ಎಡದಿಂದ ಬಲಕ್ಕೆ ಸರಿಯಬೇಕು.

ಕೇಳಲು ಸುಲಭ. ಮಾಡುವಾಗ ನಮಗೆ ಅಡ್ಡ ಬಂದದ್ದು ದಾರಿ. ನ್ಯೂಟ್ರೋಫಿಲ್ ದೇಹದ ಹೊರಗೆ ಬೇಗ ಸುಸ್ತಾಗುತ್ತದೆ, ರಕ್ತ ತೆಗೆದ ಒಂದು ದಿನದೊಳಗೆ ಪರೀಕ್ಷೆ ಆದರೆ ಒಳ್ಳೆಯದು. ಐಸ್ ಇಡುವ ಹಾಗಿಲ್ಲ. ಜೊತೆಗೆ ಸಂಬಂಧಿಯಲ್ಲದ ಆರೋಗ್ಯವಂತರೊಬ್ಬರ ರಕ್ತವನ್ನೂ ಅದೇ ಹೊತ್ತಿಗೆ ತೆಗೆದು, ಅದೇ ಡಬ್ಬಿಯಲ್ಲಿ ಕಳಿಸಬೇಕು. ಇದಕ್ಕೆ ಕಂಟ್ರೋಲ್ ಎನ್ನುತ್ತಾರೆ. ನಮ್ಮನ್ನು ಮಡಿಕೇರಿಗೆ ಕರೆತಂದ ಜೀಪಿನ ಡ್ರೈವರ್ ಅಣ್ಣ ತೋಳು ಕೊಟ್ಟರು. ಕಾಡಾನೆ ಎದುರು ಬಂದರೂ ಜೀಪು ಹಿಂದಕ್ಕೆ ತೆಗೆಯುವಾಗ ಕೈ ನಡುಗದ ಮನುಷ್ಯ, ಸೂಜಿ ನೋಡಿ ಕಣ್ಣು ಮುಚ್ಚಿಕೊಂಡರು.

ಅದು 2018ರ ಆಗಸ್ಟ್. ಆ ಮಳೆಯ ಬಗ್ಗೆ ಈ ಸಭೆಗೆ ನಾನು ಹೇಳಬೇಕಾದ್ದಿಲ್ಲ. ಗುಡ್ಡಗಳು ಜಾರುತ್ತಿದ್ದವು, ಕುಶಾಲನಗರದಲ್ಲಿ ಕಾವೇರಿ ಮನೆಗಳೊಳಗೆ ಬಂದಿತ್ತು. ಕೊರಿಯರ್‌ನವರು ಡಬ್ಬಿಯನ್ನು ಬೆಂಗಳೂರಿಗೆ ತಲುಪಿಸಿದ್ದು ಮೂರನೆಯ ದಿನ. ಫಲಿತಾಂಶ ಬಂತು: ಮಗುವಿನ ಗುಡ್ಡ ಸರಿದಿಲ್ಲ. ಡ್ರೈವರ್ ಅಣ್ಣನ ಗುಡ್ಡವೂ ಸರಿದಿಲ್ಲ. ಹಾಗಾಗಿ ಪರೀಕ್ಷೆ ಅಮಾನ್ಯ, ಮತ್ತೆ ರಕ್ತ ಕಳಿಸಿ ಎಂದು ಲ್ಯಾಬಿನವರು ಬರೆದರು. ಭಾವನಿಗೆ ಸಿಟ್ಟು ಬಂತು. ನನಗೆ ಮಾತ್ರ ಆ ಲ್ಯಾಬಿನ ಮೇಲೆ ಗೌರವ ಹುಟ್ಟಿತು. ಎರಡನೆಯ ಟ್ಯೂಬ್ ಇಲ್ಲದಿದ್ದರೆ ದಾರಿಯಲ್ಲಿ ಸತ್ತ ಕಣಗಳನ್ನು ನೋಡಿ ಮಗುವಿಗೆ ಕಾಯಿಲೆ ಎಂದು ಬರೆದುಬಿಡಬಹುದಿತ್ತು. ಎಷ್ಟೋ ಮಕ್ಕಳ ವಿಷಯದಲ್ಲಿ ಅದು ಸುಳ್ಳಾಗಿರುತ್ತಿತ್ತು.

ಸೆಪ್ಟೆಂಬರ್‌ನಲ್ಲಿ ನಾವೇ ಹೋದೆವು. ಡ್ರೈವರ್ ಅಣ್ಣನೂ ಬಂದರು, ಈ ಸಲ ಕಣ್ಣು ಮುಚ್ಚಲಿಲ್ಲ. ಲ್ಯಾಬಿನಲ್ಲೇ ರಕ್ತ ತೆಗೆದರು. ನಾನು ಸಾಫ್ಟ್‌ವೇರ್‌ನವನೆಂದು ತಿಳಿದು ಅಲ್ಲಿನ ತಂತ್ರಜ್ಞೆ ಪರದೆ ನೋಡಲು ಬಿಟ್ಟರು. ಡ್ರೈವರ್ ಅಣ್ಣನ ಗುಡ್ಡ ಪೂರ್ತಿ ಬಲಕ್ಕೆ ಹೋಯಿತು. ಮಗುವಿನದು ಇದ್ದಲ್ಲೇ ನಿಂತಿತು. ಹತ್ತು ಸಾವಿರ ಕಣಗಳಲ್ಲಿ ಹೊಳೆದದ್ದು ಇಲ್ಲವೆನ್ನುವಷ್ಟು. ಆಮೇಲೆ ಅಕ್ಕನ ರಕ್ತ. ಪರದೆಯ ಮೇಲೆ ಎರಡು ಗುಡ್ಡ ಬಂದವು, ಒಂದು ಎಡಕ್ಕೆ, ಒಂದು ಬಲಕ್ಕೆ.

ಈ ಎರಡು ಗುಡ್ಡವನ್ನು ಹತ್ತನೆಯ ತರಗತಿಯ ಮಕ್ಕಳು ಅರ್ಥ ಮಾಡಿಕೊಳ್ಳಬಲ್ಲರು. ಸಿ.ಜಿ.ಡಿ.ಯ ಹೆಚ್ಚಿನ ಪ್ರಕರಣಗಳಲ್ಲಿ ದೋಷವಿರುವ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. 1986ರಲ್ಲಿ ಅದನ್ನು ಹುಡುಕಿದರು. ಹೆಣ್ಣಿಗೆ ಎರಡು ಎಕ್ಸ್, ಪ್ರತಿ ಕಣದಲ್ಲೂ ಅವುಗಳಲ್ಲಿ ಒಂದು ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ವಾಹಕಳಾದ ತಾಯಿಯ ಕಣಗಳಲ್ಲಿ ಕೆಲವು ಹೊಳೆಯುತ್ತವೆ, ಕೆಲವು ಹೊಳೆಯುವುದಿಲ್ಲ. ಹೊಳೆಯುವ ಪಾಲು ಸಾಮಾನ್ಯವಾಗಿ ಅವಳನ್ನು ಕಾಪಾಡುತ್ತದೆ. ಗಂಡುಮಗುವಿಗೆ ಇರುವುದು ಒಂದೇ ಎಕ್ಸ್, ಅದೂ ತಾಯಿಯಿಂದ ಬಂದದ್ದು. ಕೆಟ್ಟದ್ದು ಬಂದರೆ ಬೇರೆ ದಾರಿಯಿಲ್ಲ. ಅರ್ಧಕ್ಕರ್ಧ ಅವಕಾಶ.

ಅವ್ವನ ರಕ್ತವನ್ನೂ ಪರೀಕ್ಷೆ ಮಾಡಿದರು. ಎರಡು ಗುಡ್ಡ. ನನ್ನ ಅಣ್ಣನಿಗೂ ಇದೇ ಇದ್ದಿರಬಹುದು ಎಂದರು ವೈದ್ಯರು. ಅವನನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ, ಹಾಗಾಗಿ ಇದ್ದಿರಬಹುದು ಎಂದಷ್ಟೇ. ನಾನು ಕಾಗದದ ಮೇಲೆ ಎಕ್ಸ್ ವೈ ಬರೆದು ಅವ್ವನಿಗೆ ವಿವರಿಸಿದೆ. ಆಕೆ ಕೇಳಿಸಿಕೊಂಡು, "ಹಾಗಾದರೆ ಹಾಲಿಂದ ಅಲ್ಲ" ಎಂದಳು. ಅಲ್ಲ ಎಂದೆ. ಸ್ವಲ್ಪ ಹೊತ್ತಿನ ಮೇಲೆ, "ಈಗ ಇವನಿಗೆ ಕೊಡುವ ಮಾತ್ರೆ ಆಗ ಇತ್ತಾ?" ಎಂದು ಕೇಳಿದಳು.

ಇತ್ತು. ಅದೇನೂ ಹೊಸ ಮಾತ್ರೆಯಲ್ಲ. ಕೋಟ್ರೈಮಾಕ್ಸಜೋಲ್ ಎಂದು, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುವಂಥದ್ದು. ಮಾತ್ರೆ ಇತ್ತು, ಯಾರಿಗೆ ಕೊಡಬೇಕೆಂದು ಹೇಳುವ ಪರೀಕ್ಷೆ ನಮ್ಮ ತನಕ ಬಂದಿರಲಿಲ್ಲ. ಇದನ್ನು ನಾನು ಅವ್ವನಿಗೆ ಹೇಳಿದೆ. ಹೇಳಬೇಕಾಗಿತ್ತೋ ಇಲ್ಲವೋ, ಅಕ್ಕನಿಗೂ ನನಗೂ ಇವತ್ತಿಗೂ ಒಮ್ಮತವಿಲ್ಲ.

ಮಗುವಿಗೆ ಈಗ ಒಂಬತ್ತು ವರ್ಷ. ಆ ಮಾತ್ರೆ ದಿನಾ, ಬೂಷ್ಟಿನ ಸೋಂಕು ತಡೆಯಲು ಇನ್ನೊಂದು. ಏಳು ವರ್ಷದಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದು ಎರಡೇ ಸಲ. ಆದರೆ ಕೊಡಗಿನಲ್ಲಿ ಈ ಕಾಯಿಲೆಯ ಮಗುವನ್ನು ಬೆಳೆಸುವುದು ಎಂಥ ಕಷ್ಟ ನೋಡಿ. ಇವರಿಗೆ ದೊಡ್ಡ ಶತ್ರು ಬೂಷ್ಟು. ಗೊಬ್ಬರದ ಗುಂಡಿ, ಕೊಳೆತ ತರಗೆಲೆ, ಕಾಫಿ ಸಿಪ್ಪೆಯ ರಾಶಿ, ಹಳೆಯ ಹುಲ್ಲು ಇವುಗಳ ಹತ್ತಿರ ಸುಳಿಯಬಾರದು, ಮಣ್ಣು ಅಗೆಯಬಾರದು. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು, ಬೀರುವಿನೊಳಗಿನ ಬಟ್ಟೆಗೂ ಬೂಷ್ಟು. ಅವನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈಸೂರಿನಲ್ಲಿ ಅವನ ಅತ್ತೆಯ ಮನೆಯಲ್ಲಿರುತ್ತಾನೆ. ಕಣದಲ್ಲಿ ಕಾಫಿ ಹರಡುವಾಗ ಮನೆಯೊಳಗಿನ ಕಿಟಕಿಯಿಂದ ನೋಡುತ್ತಾನೆ. ಕೆಲವು ಸಲ ಯಾರೂ ಇಲ್ಲದಾಗ ಇಳಿದು ಓಡುತ್ತಾನೆ, ಅದೂ ನಿಜ.

ಪೂರ್ತಿ ಗುಣವಾಗುವ ದಾರಿ ಎಂದರೆ ಅಸ್ಥಿಮಜ್ಜೆಯ ಕಸಿ. ಅವನ ಅಕ್ಕನ ಮಜ್ಜೆ ಹೊಂದುತ್ತದೆ ಎಂದು ಗೊತ್ತಾಗಿದೆ. ಒಡಹುಟ್ಟಿದವರಲ್ಲಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಆದರೆ ಹೊಂದಿದರೆ ಸಾಲದು. ಆಕೆಯೂ ವಾಹಕಳಾಗಿದ್ದರೆ? ಹಾಗಾಗಿ ಅವಳಿಗೂ ಡಿ.ಎಚ್.ಆರ್. ಮಾಡಿದರು. ಒಂದೇ ಗುಡ್ಡ, ಪೂರ್ತಿ ಬಲಕ್ಕೆ. ಅವಳು ಇದೇ ಶಾಲೆಯ ಎಂಟನೆಯ ತರಗತಿಯಲ್ಲಿದ್ದಾಳೆ, ಈಗ ಇಲ್ಲೇ ಕುಳಿತಿದ್ದಾಳೆ, ಹೆಸರು ಹೇಳಿದರೆ ಮಾತು ಬಿಡುತ್ತೇನೆ ಎಂದಿದ್ದಾಳೆ. ಕಸಿಯಲ್ಲಿ ಅಪಾಯವಿದೆ. ಭಾವ ಇಷ್ಟು ವರ್ಷ ಹೆದರಿದ್ದು ಅದಕ್ಕೇ, ಆ ಹೆದರಿಕೆ ಬುಡವಿಲ್ಲದ್ದಲ್ಲ. ಈಗ ಮನೆಯವರೆಲ್ಲ ಒಪ್ಪಿದ್ದಾರೆ.

ಹಣದ ವಿಷಯ ತುಂಬ ಜನ ಕೇಳುತ್ತಾರೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ, ಒಮ್ಮೆ ಚಿಕಿತ್ಸೆ ಮಾಡಿದರೆ ಗುಣವಾಗಬಹುದಾದ ಕಾಯಿಲೆಗಳ ಗುಂಪಿನಲ್ಲಿ ಸಿ.ಜಿ.ಡಿ. ಇದೆ. 2022ರಲ್ಲಿ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಿದರು. ಹಣ ಕೈಗೆ ಕೊಡುವುದಿಲ್ಲ, ಗೊತ್ತುಪಡಿಸಿದ ಕೇಂದ್ರಗಳ ಮೂಲಕ ಬರುತ್ತದೆ. ನಮ್ಮ ರಾಜ್ಯದಲ್ಲಿ ಅದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಜೊತೆ ಸೇರಿ. ಕಣಗಳ ಕೆಲಸ ನೋಡುವ ಪರೀಕ್ಷೆಗಳಲ್ಲಿ ಮುಂಬೈನ ರಾಷ್ಟ್ರೀಯ ಇಮ್ಯುನೋಹಿಮಟಾಲಜಿ ಸಂಸ್ಥೆ ಮತ್ತು ಚಂಡೀಗಢದ ಪಿ.ಜಿ.ಐ. ಬಹಳ ವರ್ಷದಿಂದ ಪಳಗಿದ ಕೈಗಳು. ಕಾಗದಪತ್ರ ತುಂಬಲು ಯಾರಿಗಾದರೂ ಸಹಾಯ ಬೇಕಿದ್ದರೆ ನನ್ನ ನಂಬರ್ ಮುಖ್ಯೋಪಾಧ್ಯಾಯರ ಹತ್ತಿರ ಇದೆ.

ಎಲ್ಲ ಶೀತ ಕೆಮ್ಮಿಗೂ ಈ ಪರೀಕ್ಷೆ ಬೇಡ. ಮಕ್ಕಳಿಗೆ ಶೀತ ಬರುತ್ತದೆ, ಹೋಗುತ್ತದೆ. ವರ್ಷದಲ್ಲಿ ಎರಡು ಸಲ ನ್ಯುಮೋನಿಯ, ಮೈಯ ಒಳಗೆ ಮತ್ತೆ ಮತ್ತೆ ಕೀವು, ಬಿ.ಸಿ.ಜಿ. ಹಾಕಿದ ಕಡೆಯ ಗಂಟು ಒಡೆದು ಒಣಗದೇ ಇರುವುದು, ಮನೆತನದಲ್ಲಿ ಹೀಗೇ ಮಗು ಹೋದ ಕಥೆ, ಇಂಥದ್ದಿದ್ದರೆ ವೈದ್ಯರ ಹತ್ತಿರ ಬಾಯಿ ಬಿಟ್ಟು ಕೇಳಿ, ಕಣಗಳು ಕೆಲಸ ಮಾಡುತ್ತಿವೆಯೇ ಎಂದು. ನನ್ನ ಮಾತು ಕೇಳಿ ಯಾರೂ ಬಿ.ಸಿ.ಜಿ. ತಪ್ಪಿಸಬೇಡಿ. ಅದು ಲಕ್ಷಾಂತರ ಮಕ್ಕಳನ್ನು ಕಾಯುತ್ತಿದೆ. ಮನೆಯಲ್ಲಿ ಇಂಥ ಕಾಯಿಲೆ ಇದೆಯೆಂದು ಗೊತ್ತಿದ್ದವರು ಮಾತ್ರ, ಮಗು ಹುಟ್ಟಿದ ಕೂಡಲೇ ಚುಚ್ಚುಮದ್ದಿಗೆ ಮೊದಲು ವೈದ್ಯರಿಗೆ ಹೇಳಬೇಕು.

ಕೊರೊನಾ ಬಂದು ಹೋದ ಮೇಲೆ ಇಮ್ಯುನಿಟಿ ಎಂಬ ಮಾತು ಅಂಗಡಿಯ ಡಬ್ಬಿಗಳ ಮೇಲೆಲ್ಲ ಬಂದಿದೆ. ಬಿಸ್ಕತ್ತಿನಲ್ಲೂ ಇಮ್ಯುನಿಟಿ. ಕಷಾಯ ಕುಡಿಯಿರಿ, ನನಗೂ ಇಷ್ಟ, ಒಳ್ಳೆಮೆಣಸು ನಮ್ಮದೇ ಬಳ್ಳಿಯದು. ಆದರೆ ರೋಗನಿರೋಧಕ ಶಕ್ತಿ ಎಂಬುದು ಪೆಟ್ರೋಲ್ ಟ್ಯಾಂಕ್ ಅಲ್ಲ, ಎಷ್ಟು ತುಂಬಿದೆ ಎಂದು ಒಂದೇ ಮುಳ್ಳಿನಲ್ಲಿ ತೋರಿಸಲು. ನುಂಗುವವರು ಬೇರೆ, ಕೊಲ್ಲುವವರು ಬೇರೆ, ನೆನಪಿಡುವವರು ಬೇರೆ, ಒಬ್ಬೊಬ್ಬರಿಗೂ ಬೇರೆ ಬೇರೆ ಪರೀಕ್ಷೆ. ನಿಮ್ಮ ಇಮ್ಯುನಿಟಿ ಇಷ್ಟು ಪರ್ಸೆಂಟ್ ಎಂದು ಒಂದು ಸಂಖ್ಯೆ ಬರೆದುಕೊಡುವವರು ಸಿಕ್ಕಿದರೆ, ಹಣ ಕೊಡುವ ಮೊದಲು ಯಾವ ಕಣದ ಯಾವ ಕೆಲಸ ಅಳೆದಿರಿ, ಕಂಟ್ರೋಲ್ ಯಾರದು ಎಂದು ಕೇಳಿ. ಉತ್ತರ ಬಂದರೆ ಕೂತು ಮಾತಾಡಿ.

ಗಂಟೆ ಹೊಡೆಯುವ ಸೂಚನೆ ಕಾಣುತ್ತಿದೆ. ನಮ್ಮ ಕಾಲದಲ್ಲಿ ಈ ಶಾಲೆಯಲ್ಲಿ ಒಂದು ಸೂಕ್ಷ್ಮದರ್ಶಕ ಇತ್ತು, ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದರು, ವರ್ಷಕ್ಕೊಮ್ಮೆ ಈರುಳ್ಳಿ ಸಿಪ್ಪೆ ತೋರಿಸುತ್ತಿದ್ದರು. ಈಗ ಮೂರು ಇವೆ. ವಿಜ್ಞಾನದ ಮೇಡಂ ಅವರು ಊಟವಾದ ಮೇಲೆ ಪ್ರಯೋಗಾಲಯ ತೆರೆದಿಡುತ್ತಾರೆ. ಬಣ್ಣ ಹಾಕಿದ ರಕ್ತದ ಗಾಜುಪಟ್ಟಿ ಎರಡು ತಂದಿದ್ದೇನೆ, ನನ್ನದೇ ರಕ್ತ. ನೇರಳೆ ಬಣ್ಣದ, ಮೂರು ನಾಲ್ಕು ಹಾಲೆಗಳ ನಡುಬೀಜ ಇರುವ ಕಣ ಕಂಡರೆ ಅದೇ ನ್ಯೂಟ್ರೋಫಿಲ್. ಅವು ಸತ್ತಿವೆ, ಹಾಗಾಗಿ ಕೆಲಸ ಮಾಡುತ್ತಿದ್ದವೋ ಇಲ್ಲವೋ ಎಂದು ಅಲ್ಲಿ ಗೊತ್ತಾಗುವುದಿಲ್ಲ. ಎಣಿಸಬಹುದು. ಎಂಟನೆಯ ತರಗತಿಯವರು ಮೊದಲು ಬನ್ನಿ, ಕೈ ತೊಳೆದುಕೊಂಡು ಬನ್ನಿ.